ಒಂದೇ ಸಲ ಕೇಳುವ ದೇಶದಲ್ಲಿ ಸೈಕಲ್ ಸವಾರಿ

ನಮ್ಮ ಸೈಕಲ್ ಪ್ರವಾಸದ ಮೂರನೆಯ ದಿನ ಬೆಳಿಗ್ಗೆ, ಟೆಂಟಿನ ಗೂಟ ಕೀಳುತ್ತ ನನ್ನ ಗಂಡ ಒಂದು ಮಾತು ಹೇಳಿದರು. ಗೂಟಕ್ಕೆ ಹೇಳಿದರೋ ನನಗೆ ಹೇಳಿದರೋ ಮೊದಲು ಗೊತ್ತಾಗಲಿಲ್ಲ.

"ಆಫೀಸಲ್ಲಿ ಆ ಟೀಮ್ ಲೀಡರ್ ಕೆಲಸ ಖಾಲಿ ಇತ್ತಲ್ಲ, ಅದನ್ನ ನೀನು ತಗೋತೀಯಾ ಅಂತ ಕೇಳಿದ್ರು."

ನಾನು ಪುಟ್ಟ ಗ್ಯಾಸ್ ಒಲೆಯ ಮೇಲೆ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ. ಸಟ್ಟುಗ ಹಿಡಿದುಕೊಂಡೇ ಎದ್ದು ನಿಂತೆ.

"ಅಯ್ಯ, ಚೊಲೋ ಆತಲ್ಲರೀ! ಯಾವಾಗ ಕೇಳಿದ್ರು?"

"ಹೊರಡೋ ಹಿಂದಿನ ದಿನ. ಬಾಸು ಟೀ ರೂಮಲ್ಲಿ ಸಿಕ್ಕಿದ್ರು."

"ನೀವೇನಂದ್ರಿ?"

"ನೋ ನೋ, ನನಗ್ಯಾಕೆ, ಬೇರೆ ಯಾರಾದ್ರೂ ಇರ್ತಾರೆ ನೋಡಿ ಅಂದೆ."

"ಮತ್ತ ಅವರು?"

"ನೋ ವರಿಸ್ ಅಂದ್ರು."

ನೋ ವರಿಸ್ ಅಂದರೆ ಈ ನ್ಯೂಜಿಲೆಂಡಿನಲ್ಲಿ ಕತೆ ಮುಗಿಯಿತು ಅಂತ ಅರ್ಥ. ಅಂಗಡಿಯವನು ಚಿಲ್ಲರೆ ಇಲ್ಲದಿದ್ದರೂ ನೋ ವರಿಸ್ ಅನ್ನುತ್ತಾನೆ, ಹಲ್ಲಿನ ಡಾಕ್ಟರು ಹಲ್ಲು ಕಿತ್ತ ಮೇಲೂ ನೋ ವರಿಸ್ ಅನ್ನುತ್ತಾನೆ. ನನ್ನ ಗಂಡ ಮಾತ್ರ ಅದನ್ನು ಬೇರೆಯಾಗಿ ಅರ್ಥ ಮಾಡಿಕೊಂಡಿದ್ದರು. ಅವಸರವಿಲ್ಲ, ಆಮೇಲೆ ಸಾವಕಾಶವಾಗಿ ಇನ್ನೊಂದು ಸಲ ಕೇಳುತ್ತೇನೆ ಅಂತ.

"ಇವತ್ತು ಸಾಯಂಕಾಲ ಐದಕ್ಕೆ ಮೀಟಿಂಗು. ಅಲ್ಲಿ ಹೆಸರು ಹೇಳ್ತಾರಂತೆ. ಅಷ್ಟರೊಳಗೆ ಫೋನ್ ಮಾಡಿ ಮತ್ತೆ ಕೇಳ್ತಾರೆ ಅಂದ್ಕೊಂಡಿದ್ದೆ. ಇಲ್ಲಿ ನೋಡಿದ್ರೆ ಸಿಗ್ನಲ್ಲೇ ಇಲ್ಲ."

ಎರಡು ದಿನದಿಂದ ಪ್ರತಿ ಗುಡ್ಡದ ನೆತ್ತಿಯಲ್ಲೂ ಇಳಿದು ಫೋನನ್ನು ಆಕಾಶಕ್ಕೆ ಎತ್ತಿ ಹಿಡಿಯುತ್ತಿದ್ದರು. ನಾನು ಫೋಟೋ ತೆಗೆಯುತ್ತಿದ್ದಾರೆ ಅಂದುಕೊಂಡು, ನನ್ನದೂ ಒಂದು ಬರಲಿ ಎಂದು ಬೆವರು ಒರೆಸಿಕೊಂಡು ನಗುತ್ತ ನಿಲ್ಲುತ್ತಿದ್ದೆ.

ಆ ಕೆಲಸ ಅವರಿಗೆ ಬೇಕಿತ್ತು. ಅದು ನನಗೆ ಗೊತ್ತು. ಲೋವರ್ ಹಟ್‌ನಲ್ಲಿ ನೀರೆತ್ತುವ ಪಂಪುಗಳ ನಕ್ಷೆ ಬರೆಯುವ ಆ ಸಣ್ಣ ಕಂಪನಿಯಲ್ಲಿ ಅವರಿಗಿಂತ ಹಳಬರು ಯಾರೂ ಇರಲಿಲ್ಲ. ಯಾವ ಪಂಪು ಎಲ್ಲಿ ಕೆಟ್ಟರೂ ಫೋನು ನಮ್ಮ ಮನೆಗೇ ಬರುತ್ತಿತ್ತು. ಹಿಂದಿನ ಲೀಡರು ಬಿಟ್ಟು ಹೋದಾಗಿನಿಂದ ಈ ಮಹಾಶಯರು ಹೊಸ ಅಂಗಿ ಎರಡು ತಂದು, ಇಸ್ತ್ರಿ ಮಾಡಿ ಬೀರುವಿನಲ್ಲಿ ನೇತುಹಾಕಿದ್ದರು. ಯಾಕೆ ಅಂತ ಕೇಳಿದರೆ ಸೇಲಿನಲ್ಲಿತ್ತು ಅಂದಿದ್ದರು.

ಅವರು ಮೈಸೂರಿನವರು. ಅವರ ಮನೆಯಲ್ಲಿ ಒಂದು ಕಟ್ಟಳೆ ಇದೆ. ಯಾರೇ ಏನೇ ಕೊಟ್ಟರೂ ಮೊದಲನೆಯ ಸಲ ಬೇಡ ಅನ್ನಬೇಕು. ಎರಡನೆಯ ಸಲ ಕೊಟ್ಟಾಗ ಅಯ್ಯೋ ಯಾಕೆ ತೊಂದರೆ ಅನ್ನಬೇಕು. ಮೂರನೆಯ ಸಲಕ್ಕೆ ಸರಿ, ನಿಮ್ಮ ಬಲವಂತ ಎಂದು ತೆಗೆದುಕೊಳ್ಳಬೇಕು. ಮೊದಲ ಸಲಕ್ಕೇ ಹೂಂ ಅಂದವರನ್ನು ಅಲ್ಲಿ ಹಪಾಪಿ ಅನ್ನುತ್ತಾರೆ. ನಾನು ಧಾರವಾಡದವಳು. ನಮ್ಮಲ್ಲಿ ಬ್ಯಾಡ ಅಂದವರ ಎಲೆಗೆ ಇನ್ನೆರಡು ಹೋಳಿಗೆ ಬೀಳುತ್ತವೆ. ಬ್ಯಾಡ ಅನ್ನುವ ಮಾತನ್ನು ನಮ್ಮವ್ವ ಜೀವಮಾನದಲ್ಲಿ ನಂಬಿದವಳೇ ಅಲ್ಲ. ಹೆಣ್ಣು ನೋಡಲು ಬಂದಾಗ ಈ ವರ ಮಹಾಶಯರು ಉಪ್ಪಿಟ್ಟಿಗೂ ಬೇಡ, ಶಿರಾಕ್ಕೂ ಬೇಡ ಎನ್ನುತ್ತಲೇ ತಿಂದು ಏಳಲಾರದಂತೆ ಕೂತಿದ್ದರು. ಹುಡುಗಿ ಹೇಗೆ ಎಂದು ಕೇಳಿದರೆ ಅದಕ್ಕೂ ಅದೇ ವರಸೆ. "ಹಿರಿಯರು ಹೇಗೆ ಹೇಳ್ತಾರೋ ಹಾಗೆ." ನಮ್ಮಪ್ಪ ಮತ್ತೆ ಕೇಳಿದ. "ನನ್ನದೇನಿದೆ." ನಮ್ಮಪ್ಪ ಕುರ್ಚಿ ಎಳೆದುಕೊಂಡು ಹತ್ತಿರ ಕೂತು ಮೂರನೆಯ ಸಲ ಕೇಳಿದ. ಆಗ ನೆಲ ನೋಡಿಕೊಂಡು, "ಒಪ್ಪಿಗೆ" ಅಂದರು. ನನ್ನ ಮದುವೆ ಆದದ್ದು ಹಾಗೆ.

ಬೀಗಕ್ಕೆ ತಕ್ಕ ಕೀಲಿ ಅಂತ ಎರಡೂ ಮನೆಯವರು ಖುಷಿಪಟ್ಟರು. ಆಮೇಲೆ ಬೀಗ, ಕೀಲಿ ಎರಡೂ ವಿಮಾನ ಹತ್ತಿ, ಯಾರೂ ಎರಡನೆಯ ಸಲ ಕೇಳದ ದೇಶಕ್ಕೆ ಬಂದು ಇಳಿದವು. ನನಗೇನೂ ಕಷ್ಟವಾಗಲಿಲ್ಲ. ನಾನು ಪೊರಿರುವಾದ ಒಂದು ಶಿಶುವಿಹಾರದಲ್ಲಿ ಕೆಲಸ ಮಾಡುತ್ತೇನೆ. ಮೂರು ವರ್ಷದ ಮಕ್ಕಳಿಗೆ ದಿನವಿಡೀ ಹೇಳಿಕೊಡುವುದು ಅದನ್ನೇ. ಬೇಕಾದರೆ ಯೆಸ್ ಪ್ಲೀಸ್ ಅನ್ನು, ಬೇಡವಾದರೆ ನೋ ಥ್ಯಾಂಕ್ಯೂ ಅನ್ನು. ಮಕ್ಕಳು ಒಂದು ವಾರದಲ್ಲಿ ಕಲಿಯುತ್ತವೆ. ಮನೆಯಲ್ಲಿರುವ ಐವತ್ತೆರಡರ ಮಗುವಿಗೆ ಇನ್ನೂ ಬಂದಿಲ್ಲ. ನಮ್ಮ ಮಗಳು ಚಿಕ್ಕವಳಿದ್ದಾಗ ಯಾರದೋ ಮನೆಯಲ್ಲಿ ಆಂಟಿ ಇನ್ನೊಂದು ಲಾಡು ಬೇಕಾ ಅಂದರೆ "ಯೆಸ್ ಪ್ಲೀಸ್" ಅಂದುಬಿಟ್ಟಳು. ದಾರಿಯುದ್ದಕ್ಕೂ ಇವರು ಮಾನ ಹೋಯಿತು ಅನ್ನುತ್ತ ಕಾರು ಓಡಿಸಿದರು.

ಇದಿಷ್ಟನ್ನೂ ಅವಲಕ್ಕಿ ತಳ ಹಿಡಿಯುವಷ್ಟರಲ್ಲಿ ಮನಸ್ಸಿನಲ್ಲೇ ಒಂದು ಸುತ್ತು ಹಾಕಿ, ಅವರಿಗೆ ಹೇಳಿದೆ.

"ಈ ಮಂದಿ ಇನ್ನೊಮ್ಮೆ ಕೇಳೂದಿಲ್ಲರೀ. ಇವತ್ತ ಐದರೊಳಗ ಎಲ್ಲೆ ಸಿಗ್ನಲ್ ಸಿಗ್ತದೋ ಅಲ್ಲೆ ನಿಂತು ಫೋನ್ ಮಾಡ್ರಿ. ಬೇಕು ಅನ್ರಿ. ಮುಗೀತು."

"ನಾನೇ ಫೋನ್ ಮಾಡಿ ನನಗೆ ಕೊಡಿ ಅನ್ನೋದಾ? ಚೆನ್ನಾಗಿರತ್ತಾ?"

"ಏನೂ ಆಗೂದಿಲ್ಲ. ನಡೀರಿ."

ಹೊರಟೆವು. ಈ ಪ್ರವಾಸಕ್ಕೂ ಒಂದು ಹಿನ್ನೆಲೆ ಇದೆ. ಸಕ್ಕರೆ ಏರಿದೆ, ಚಹಾಕ್ಕೆ ಸಕ್ಕರೆ ಬಿಡಿ, ಸ್ವಲ್ಪ ಮೈ ಬಗ್ಗಿಸಿ ಅಂತ ಡಾಕ್ಟರು ಹೇಳಿದ್ದರು. ಸ್ವಲ್ಪ ಅನ್ನುವುದು ಎಂಜಿನಿಯರುಗಳಿಗೆ ಅರ್ಥವಾಗುವ ಅಳತೆಯಲ್ಲ. ಎರಡು ಸೈಕಲ್ಲು, ಎಂಟು ಚೀಲ, ಮಾಸ್ಟರ್ಟನ್‌ನಿಂದ ಒಳರಸ್ತೆ ಹಿಡಿದು ಗುಡ್ಡಗಾಡಿನಲ್ಲಿ ಹಾಕ್ಸ್ ಬೇ ತನಕ ಒಂದು ವಾರ. ನನ್ನ ಚೀಲಗಳಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಲೆ. ಅವರ ಚೀಲಗಳಲ್ಲಿ ಪಾನಾ, ಟ್ಯೂಬು, ಇನ್ನೊಂದು ಪಾನಾ. ಮಂಕಿ ಕ್ಯಾಪಿನ ಮೇಲೆ ಹೆಲ್ಮೆಟ್ ಹಾಕಿಕೊಂಡು ಅವರು ಮುಂದೆ, ನಾನು ಹಿಂದೆ. ಬೇಸಿಗೆಯ ಕೊನೆ; ಗುಡ್ಡಗಳೆಲ್ಲ ಒಣಗಿ ಖಾಕಿ ಬಣ್ಣಕ್ಕೆ ತಿರುಗಿದ್ದವು. ಕುರಿಗಳು ತಲೆ ಎತ್ತಿ ನೋಡಿ, ಇವರಿಗೇನು ಬಂದಿದೆ ಅನ್ನುವಂತೆ ಮತ್ತೆ ಮೇಯುತ್ತಿದ್ದವು.

ಮುಂದಿನ ಊರು ನಕ್ಷೆಯಲ್ಲಿ ಬೆರಳಗಲ ದೂರ. ಅಲ್ಲಿ ಒಂದು ಪಬ್ಬು, ಒಂದು ಅಂಗಡಿ, ಒಂದು ಟವರು ಇವೆ ಎಂದು ನನ್ನ ಗಂಡ ಓದಿದ್ದರು. ಮಧ್ಯಾಹ್ನಕ್ಕೆ ಮುಟ್ಟುತ್ತೇವೆ ಎಂದು ಲೆಕ್ಕ. ಲೆಕ್ಕದಲ್ಲಿ ಗಾಳಿ ಇರಲಿಲ್ಲ.

ಆ ಗಾಳಿಯ ಬಗ್ಗೆ ಏನು ಹೇಳಲಿ! ವಾಯವ್ಯದಿಂದ ಎದ್ದು ಬಂದು ಎದೆಗೆ ಕೈ ಇಟ್ಟು ಹಿಂದಕ್ಕೆ ದೂಡುತ್ತಿತ್ತು. ಇಳಿಜಾರಿನಲ್ಲೂ ಪೆಡಲ್ ತುಳಿಯಬೇಕು. ಇಪ್ಪತ್ತೊಂದು ಗಿಯರ್ ಇವೆ ಎಂದು ಸೈಕಲ್ ಅಂಗಡಿಯವನು ಹೊಗಳಿ ಕೊಟ್ಟಿದ್ದ. ಅಷ್ಟರಲ್ಲೂ ನನಗೆ ಬೇಕಾದದ್ದು ಒಂದೂ ಇರಲಿಲ್ಲ. ಮಧ್ಯಾಹ್ನ ಕಳೆದಾಗ ಇನ್ನೂ ಅರ್ಧ ದಾರಿಯೂ ಆಗಿರಲಿಲ್ಲ. ಒಂದು ಉದ್ದನೆಯ ಏರಿನಲ್ಲಿ ನಾನು ಸೋತು ಇಳಿದು ಸೈಕಲ್ ತಳ್ಳುತ್ತಿದ್ದೆ. ತಿರುವಿನಾಚೆ ಅವರು ಕಾಣುತ್ತಿರಲಿಲ್ಲ.

ಹಿಂದಿನಿಂದ ಒಂದು ಯೂಟ್, ಅಂದರೆ ಹಿಂದೆ ತೆರೆದ ಪಿಕಪ್ ಗಾಡಿ, ಬಂತು. ಹಿಂಭಾಗ ಖಾಲಿ, ಅದರಲ್ಲಿ ಒಂದೇ ನಾಯಿ. ನನ್ನ ಪಕ್ಕ ನಿಧಾನ ಮಾಡಿ, ಓಡಿಸುತ್ತಿದ್ದ ರೈತ ಎರಡು ಬೆರಳೆತ್ತಿ ನಮಸ್ಕಾರದಂಥದ್ದೊಂದು ಮಾಡಿ, ಮುಂದಿರುವವನು ನಿನ್ನ ಜೊತೆಯವನಾ, ಊರಿಗೆ ಬಿಡಬೇಕಾ ಅಂತ ಅವನನ್ನು ಕೇಳುತ್ತೇನೆ ತಾಳು ಎಂದು ಹೇಳಿ ಮುಂದೆ ಹೋದ. ತಿರುವಿನಾಚೆ ಎಂಜಿನ್ ನಿಂತ ಸದ್ದು ಕೇಳಿಸಿತು. ನಮ್ಮ ಮನೆದೇವರಿಗೆ ಮನಸ್ಸಿನಲ್ಲೇ ಒಂದು ತೆಂಗಿನಕಾಯಿ ಒಡೆದೆ. ಊರು ಗಾಡಿಯಲ್ಲಿ ಅರ್ಧ ತಾಸು. ಫೋನಿಗೆ ಬೇಕಾದಷ್ಟು ಹೊತ್ತು ಸಿಗುತ್ತದೆ. ಇದ್ದಬದ್ದ ಶಕ್ತಿ ಹಾಕಿ ಸೈಕಲ್ ತಳ್ಳಿದೆ.

ತಿರುವು ದಾಟಿದಾಗ ಯೂಟ್ ಆಚೆ ಗುಡ್ಡದ ಮೇಲೆ ಬೆಂಕಿಪೊಟ್ಟಣದಷ್ಟಾಗಿತ್ತು. ನನ್ನ ಗಂಡ ರಸ್ತೆಯ ಬದಿಯಲ್ಲಿ ಒಂದು ಕಾಲೂರಿ ನಿಂತು ಅದನ್ನೇ ನೋಡುತ್ತಿದ್ದರು.

"ಗಾಡಿ ಎಲ್ಲೆ ಹೋತರೀ?"

"ಹೋಯ್ತು."

"ಕೇಳಲಿಲ್ಲೇನು ಅಂವಾ?"

"ಕೇಳಿದ. ಸೈಕಲ್ ಹಿಂದಕ್ಕೆ ಹಾಕಿ, ಊರಿಗೆ ಬಿಡ್ತೀನಿ ಅಂದ. ನೋ ನೋ, ಯಾಕೆ ತೊಂದರೆ, ವಿ ಆರ್ ಫೈನ್ ಅಂದೆ. ಗುಡ್ ಆನ್ ಯಾ, ಭೇಷ್ ಅಂದ್ಬಿಟ್ಟು ಹೊರಟೇಹೋದ ಕಣೇ!"

ಅವರ ಮುಖದಲ್ಲಿ ನಿಜವಾದ ಆಶ್ಚರ್ಯ ಇತ್ತು. ಹದಿನಾರು ವರ್ಷದಿಂದ ಈ ದೇಶದಲ್ಲಿದ್ದೂ ಪ್ರತಿ ಸಲವೂ ಅದೇ ಆಶ್ಚರ್ಯ.

"ನಿಮ್ಮ ದಾಕ್ಷಿಣ್ಯಕ್ಕ ಬೆಂಕಿ ಹಾಕಲಿ!" ಎಂದು ಕೂಗಿದೆ. "ನಾ ಇಲ್ಲೆ ಗೂಳಿಹಂಗ ಉಸಿರು ಬಿಡ್ಲಿಕತ್ತೇನಿ, ನೀವು ಫೈನ್ ಅಂತೀರಿ? ನಿಮ್ಮ ಬಾಸು ಅಲ್ಲೆ ಐದಕ್ಕ ಮೀಟಿಂಗ್ ಮಾಡ್ತಾನ, ನೀವಿಲ್ಲೆ ಕುರಿ ಎಣಿಸ್ರಿ!"

"ಇನ್ನೊಂದು ಸಲ ಕೇಳ್ತಾನೆ ಅಂದ್ಕೊಂಡೆ."

"ಕೇಳಲಿಕ್ಕೆ ಅಂವಾ ಏನು ನಿಮ್ಮ ಸ್ವಾದರಮಾವ ಏನ್ರಿ?"

ಅದಾದ ಮೇಲೆ ಇಬ್ಬರೂ ಗಾಳಿಗೆ ತಲೆ ಬಗ್ಗಿಸಿ ಪೆಡಲ್ ತುಳಿದೆವು. ಹೊಟ್ಟೆ ಹಸಿದು ಖಡಕ್ ರೊಟ್ಟಿ ಮುರಿದೆವು. ಆ ಮುರಿಯುವ ಸದ್ದು ಜಗಳದ ಹಾಗೇ ಕೇಳಿಸಿತು. ಚಟ್ನಿ ಬೇಕಾ ಅಂತ ಕೇಳಿದೆ, ಬೇಡ ಅಂದರು. ನಾನು ಡಬ್ಬಿ ಮುಚ್ಚಿ ಚೀಲಕ್ಕೆ ಹಾಕಿದೆ. ಸ್ವಲ್ಪ ಹೊತ್ತು ಡಬ್ಬಿ ಇದ್ದ ಚೀಲವನ್ನೇ ನೋಡುತ್ತಿದ್ದರು.

ನಾಲ್ಕು ದಾಟಿತು. ಆಮೇಲೆ ಎದುರಿನಿಂದ ಒಂದು ಸಣ್ಣ ಕಾರು ಬಂದು ನಿಂತಿತು. ಓಡಿಸುತ್ತಿದ್ದವರು ಬಿಳಿಗೂದಲಿನ ಅಜ್ಜಿ, ಸ್ಟಿಯರಿಂಗಿಗಿಂತ ಸ್ವಲ್ಪವೇ ಎತ್ತರ. ಗಾಜು ಇಳಿಸಿ, ಈ ಗಾಳಿಯಲ್ಲಿ ಎಲ್ಲಿಗೆ ಹೊರಟಿರಿ, ಏನಾದರೂ ಬೇಕಾ ಎಂದು ಗಟ್ಟಿಯಾಗಿ ಕೇಳಿದರು.

"ನೋ ನೋ," ಎಂದು ನನ್ನ ಗಂಡ ಶುರುಮಾಡಿದರು.

"ಯೆಸ್!" ಎಂದು ಹಿಂದಿನಿಂದ ಕಿರುಚಿದೆ. "ಯೆಸ್ ಪ್ಲೀಸ್! ಫೋನ್ ಬೇಕು!"

ಸೈಕಲ್ ಒಯ್ಯುವಷ್ಟು ಕಾರು ದೊಡ್ಡದಿರಲಿಲ್ಲ. ಆದರೆ ಅಜ್ಜಿಯ ಮನೆ ಅಲ್ಲೇ ಮುಂದಿನ ಗೇಟಿನ ಒಳಗಿತ್ತು. ಮನೆಯಲ್ಲಿ ಲ್ಯಾಂಡ್‌ಲೈನ್ ಇತ್ತು. ಕಾರು ತಿರುಗಿಸಿಕೊಂಡು ಹೋದರು, ಅವರ ಹಿಂದೆ ನಾವು. ಗೇಟಿನಿಂದ ಮನೆಗೆ ಮಣ್ಣಿನ ದಾರಿ, ಎರಡೂ ಕಡೆ ದನ. ಅಡುಗೆಮನೆಯಲ್ಲಿ ಕೂರಿಸಿ ಕೆಟಲ್ ಹಚ್ಚಿ, ಮೂರು ಕಪ್ಪು ಮೇಜಿನ ಮೇಲಿಟ್ಟು, ಚಹಾ ಕುಡೀತೀರಾ ಅಂದರು. ನಾನು ಯೆಸ್ ಪ್ಲೀಸ್ ಅಂದೆ. ನನ್ನ ಗಂಡ ನೋ ನೋ ಅಂದರು. ಅಜ್ಜಿ ಒಂದು ಕಪ್ಪನ್ನು ತೆಗೆದು ಮತ್ತೆ ಕಪಾಟಿನೊಳಗೆ ಇಟ್ಟುಬಿಟ್ಟರು. ಕಪಾಟಿನ ಬಾಗಿಲು ಮುಚ್ಚುವವರೆಗೆ ನನ್ನ ಗಂಡ ಆ ಕಪ್ಪನ್ನು ಕಣ್ಣಲ್ಲೇ ಬೀಳ್ಕೊಟ್ಟರು.

ಫೋನು ಗೋಡೆಗೆ ಹಾಕಿದ್ದು. ಅಜ್ಜಿಗೆ ಕಿವಿ ಮಂದ. ಹಾಗಾಗಿ ಅದರ ಸದ್ದನ್ನು ಎಷ್ಟು ಏರಿಸಿದ್ದರೆಂದರೆ ಆಚೆ ಕಡೆಯವರ ಮಾತು ಇಡೀ ಅಡುಗೆಮನೆಗೆ ಕೇಳುತ್ತಿತ್ತು. ಬಾಸು ಒಂದೇ ರಿಂಗಿಗೆ ಎತ್ತಿದರು. ಪ್ರವಾಸ ಹೇಗಿದೆ, ಗಾಳಿ ಹೇಗಿದೆ ಎಂದರು. ನನ್ನ ಗಂಡ ಗಾಳಿಯ ಬಗ್ಗೆ ಸವಿಸ್ತಾರವಾಗಿ ಮಾತಾಡಿದರು. ನಾನು ಗಡಿಯಾರ ತೋರಿಸಿದೆ.

"ಆ ಟೀಮ್ ಲೀಡರ್ ವಿಷಯ..." ಎಂದು ನಿಲ್ಲಿಸಿದರು.

ಹಾಂ, ಇನ್ನು ಸ್ವಲ್ಪ ಹೊತ್ತಿಗೆ ಹೆಸರು ಹೇಳುತ್ತೇನೆ ಎಂದಿತು ಫೋನು. ನೀನು ಬೇಡ ಅಂದದ್ದರಿಂದ ನಿಮ್ಮ ಟೀಮಿನ ಆ ಹುಡುಗಿಗೆ ಕೊಡೋಣ ಅಂತಿದ್ದೇನೆ. ಅವಳಿಗೆ ಇನ್ನೂ ಹೇಳಿಲ್ಲ. ಯಾಕೆ, ನಿನಗೆ ಬೇಕಿತ್ತಾ? ಬೇಕಾದರೆ ಈಗಲೇ ಹೇಳು.

ಆ ಹುಡುಗಿಗೆ ಪಂಪಿನ ಅ ಆ ಇ ಈ ಕಲಿಸಿದ್ದು ಇವರೇ. ಒಳ್ಳೆಯ ಹುಡುಗಿ, ಅದರಲ್ಲಿ ಎರಡು ಮಾತಿಲ್ಲ. ನಾನು ಮೇಜಿನಾಚೆಯಿಂದ ತಲೆಯನ್ನು ಮೇಲೆ ಕೆಳಗೆ ಆಡಿಸುತ್ತಿದ್ದೆ. ನನ್ನನ್ನು ನೋಡಿ ಅಜ್ಜಿಯೂ ಆಡಿಸತೊಡಗಿದರು. ನಮ್ಮಿಬ್ಬರ ತಲೆಗಳ ಎದುರು ನಿಂತು ಇವರು ಹೇಳಿದ್ದೇನು?

"ನೋ ನೋ. ಶಿ ಈಸ್ ವೆರಿ ಗುಡ್. ಪ್ಲೀಸ್, ನೋ ಪ್ರಾಬ್ಲಮ್. ಐ ಜಸ್ಟ್ ಕಾಲ್ಡ್."

ನೋ ವರಿಸ್ ಎಂದಿತು ಫೋನು.

ನನಗೆ ಕಪ್ಪು ಎತ್ತಿ ಒಗೆಯಬೇಕು ಅನ್ನಿಸಿತು. ಅಜ್ಜಿಯ ಕಪ್ಪು, ಅದಕ್ಕೇ ಸುಮ್ಮನಾದೆ. ಥ್ಯಾಂಕ್ಯೂ ಹೇಳಿ ಹೊರಗೆ ಬಂದೆವು. ಮಣ್ಣಿನ ದಾರಿಯಲ್ಲಿ ಸೈಕಲ್ ತಳ್ಳುತ್ತ ಗೇಟಿನವರೆಗೆ ನಡೆದೆವು. ಬೈಯಲು ಒಳ್ಳೊಳ್ಳೆಯ ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದೆ. ಗೇಟಿನ ಬಳಿ ಅವರು ಹೆಲ್ಮೆಟ್ ಹಾಕಿಕೊಳ್ಳಲು ಹೋಗಿ, ಅದರ ಬಕ್ಕಲ್ ಕೈಗೆ ಸಿಗದೆ ತಡವರಿಸುತ್ತಿದ್ದರು. ದಿನಾ ಹಾಕುವ ಬಕ್ಕಲ್. ಬೈಗುಳವನ್ನೆಲ್ಲ ಅಲ್ಲೇ ಬಿಟ್ಟುಬಿಟ್ಟೆ.

"ಬ್ಯಾಸರ ಆತೇನ್ರಿ?" ಅಂದೆ.

"ಇಲ್ಲಪ್ಪ. ಅವಳು ಒಳ್ಳೆ ಹುಡುಗಿ."

ನಾನು ಸೈಕಲ್ಲನ್ನು ಬೇಲಿಗೆ ಒರಗಿಸಿದೆ.

"ನಾ ಅದನ್ನ ಕೇಳಲಿಲ್ಲ. ನಿಮಗ ಬ್ಯಾಸರ ಆತೇನು?"

"ಬಿಡೆ, ಹೊತ್ತಾಗತ್ತೆ. ಇನ್ನೂ ಎಷ್ಟು ದೂರ ಹೋಗ್ಬೇಕು. ನನಗೇನು, ಇರೋದ್ರಲ್ಲೇ ಚೆನ್ನಾಗಿದೀನಲ್ಲ."

ಅಲ್ಲಿ ಎಳೆದುಕೊಳ್ಳಲು ಕುರ್ಚಿ ಇರಲಿಲ್ಲ. ಹತ್ತಿರ ಹೋಗಿ ಬಕ್ಕಲ್ ಹಾಕಲು ಅಂತ ಗದ್ದದ ಕೆಳಗೆ ಕೈ ಹಾಕಿ, ಹಾಕದೆ ಹಾಗೇ ಹಿಡಿದುಕೊಂಡೆ.

"ಆ ಕೆಲಸ ನಿಮಗ ಬೇಕಾಗಿತ್ತೋ ಇಲ್ಲೋ? ಖರೇ ಹೇಳ್ರಿ."

ನೆಲ ನೋಡಿದರು. ಅಂದು ಧಾರವಾಡದಲ್ಲಿ ನೋಡಿದ ಹಾಗೇ.

"ಬೇಕಿತ್ತು ಕಣೇ," ಅಂದರು. "ತುಂಬಾ ಬೇಕಿತ್ತು."

ನನಗೆ ಅಳು ಬಂತು. ಸಿಟ್ಟೂ ಬಂತು. ಎರಡೂ ಒಟ್ಟಿಗೆ ಬಂದಾಗ ನಾನು ಕೆಲಸ ಹೇಳುತ್ತೇನೆ.

"ಹಂಗಾದ್ರ ನಡೀರಿ ವಾಪಸ್. ಇನ್ನೂ ಐದಾಗಿಲ್ಲ."

ಹಿಂದಕ್ಕೆ ಹೋಗುವಾಗ ಗಾಳಿ ಬೆನ್ನಿಗೆ ಬಿತ್ತು. ಇಡೀ ದಿನದಲ್ಲಿ ಅದು ಮಾಡಿದ ಒಂದೇ ಉಪಕಾರ ಅದು. ಆ ಮಣ್ಣಿನ ದಾರಿಯಲ್ಲಿ ನನ್ನ ಗಂಡ ಅಷ್ಟು ಜೋರಾಗಿ ಸೈಕಲ್ ಹೊಡೆದದ್ದನ್ನು ದನಗಳೂ ತಿರುಗಿ ನೋಡಿದವು. ಅಜ್ಜಿ ಬಾಗಿಲು ತೆಗೆದು, ಏನಾದರೂ ಮರೆತಿರಾ ಎಂದರು.

"ಯೆಸ್," ಅಂದರು ನನ್ನ ಗಂಡ.

ಬಾಸು ಈ ಸಲ ಬೇಗ ಎತ್ತಲಿಲ್ಲ. ಎತ್ತಿದಾಗ ಹಿಂದೆ ನಗು, ಚಪ್ಪಾಳೆ ಕೇಳುತ್ತಿತ್ತು. ನೀನು ಫೋನಿಟ್ಟ ಕೂಡಲೇ ಅವಳನ್ನು ಕರೆದು ಹೇಳಿದೆ, ಯೆಸ್ ಅಂದಳು, ಇಲ್ಲೇ ಇದ್ದಾಳೆ, ಬಹಳ ಖುಷಿಯಾಗಿದ್ದಾಳೆ ಎಂದಿತು ಫೋನು. ಏನು ಹೇಳಬೇಕಿತ್ತು?

ಮುಗಿಯಿತು ಅಂದುಕೊಂಡೆ. ಇನ್ನು ಕಂಗ್ರಾಚುಲೇಷನ್ಸ್ ಹೇಳಿ ಇಡುತ್ತಾರೆ. ಗಾಳಿಯ ಬಗ್ಗೆ ಇನ್ನೆರಡು ಮಾತಾಡಿದರೂ ಆಡಿಯಾರು. ಇವರು ಗೋಡೆಗೆ ಒಂದು ಕೈ ಊರಿದರು. ಆ ಕೈಯ ಬೆರಳುಗಳಲ್ಲಿ ಸೈಕಲ್ ಚೈನಿನ ಎಣ್ಣೆ ಇತ್ತು. ಅಜ್ಜಿಯ ಬಿಳಿ ಗೋಡೆಗೆ ಅಂಟುತ್ತಿತ್ತು. ಅವರಿಗೆ ಅದರ ಪರಿವೆ ಇರಲಿಲ್ಲ.

"ಅವಳಿಗೆ ನನ್ನ ಅಭಿನಂದನೆ ಹೇಳಿ," ಎಂದು ಇಂಗ್ಲಿಷಿನಲ್ಲಿ ಹೇಳಿದರು. "ನಾನು ಆ ಕೆಲಸ ಕೇಳೋಕೆ ಫೋನ್ ಮಾಡಿಲ್ಲ. ಅದು ಅವಳದು. ಆದ್ರೆ ನನಗೆ ಬೇಕಿತ್ತು. ಮೊದಲ ಸಲ ನೀವು ಕೇಳಿದಾಗಲೂ ಬೇಕಿತ್ತು. ಅದು ನಿಮಗೆ ಗೊತ್ತಿರಲಿ ಅಂತ."

ಆಚೆ ಕಡೆ ಚಪ್ಪಾಳೆ ದೂರವಾಗಿ ಒಂದು ಬಾಗಿಲು ಮುಚ್ಚಿದ ಸದ್ದಾಯಿತು. ನೀನು ಹೇಳಬೇಕಿತ್ತು ಮಾರಾಯಾ, ನನಗೆ ಗೊತ್ತಾಗಲಿಲ್ಲ ಎಂದಿತು ಫೋನು. ಆ ದನಿಯಲ್ಲಿ ನೋ ವರಿಸ್ ಇರಲಿಲ್ಲ.

"ಯೆಸ್," ಎಂದು ಹೇಳಿ ಇವರು ಫೋನಿಟ್ಟರು.

ಅಜ್ಜಿ ಗೋಡೆಯ ಎಣ್ಣೆಯ ಗುರುತನ್ನು ನೋಡಿದರು. ಕೆಟಲನ್ನು ಮತ್ತೆ ಹಚ್ಚಿದರು. ಕಪಾಟು ತೆಗೆದು, ಆಗ ಒಳಗಿಟ್ಟ ಆ ಕಪ್ಪನ್ನೇ ಹಿಡಿದು ನಿಂತು, ಚಹಾ ನಿಜವಾಗಿಯೂ ಬೇಡವಾ ಎಂದು ಕೇಳಿದರು. ಈ ದೇಶದಲ್ಲಿ ತಾವಾಗಿಯೇ ಎರಡನೆಯ ಸಲ ಕೇಳಿದವರನ್ನು ನಾನು ಕಂಡದ್ದು ಅಂದೇ.

"ಬೇಕು," ಅಂದರು ನನ್ನ ಗಂಡ, ಕನ್ನಡದಲ್ಲೇ. ಆಮೇಲೆ ತಿದ್ದಿಕೊಂಡು, "ಯೆಸ್ ಪ್ಲೀಸ್. ಎರಡು ಚಮಚ ಸಕ್ಕರೆ."

ಡಾಕ್ಟರು ಸಕ್ಕರೆ ಬೇಡ ಅಂದಿದ್ದರು. ನಾನು ಕಿಟಕಿಯಾಚೆ ದನಗಳನ್ನು ನೋಡುತ್ತ ಕೂತೆ.